ಮರ್ರೆ ಸ್ಟ್ರೌಸ್ ಅವರ ಸಂಶೋಧನೆ: ಮನೆಯೊಳಗಿನ ಹೊಡೆತವನ್ನು ಎಣಿಸಿದರೆ ಸಾಕೇ?

ಸಂಶೋಧನಾ ವಿದ್ಯಾರ್ಥಿನಿ (ಚರ್ಚೆಯ ಆರಂಭ)

ಎಲ್ಲರಿಗೂ ನಮಸ್ಕಾರ. ನಾನು ಸಂಗಾತಿಯಿಂದ ಆಗುವ ಹಿಂಸೆಯ ಕುರಿತು ಪಿಎಚ್.ಡಿ. ಮಾಡುತ್ತಿದ್ದೇನೆ. ಕಳೆದ ಆರು ತಿಂಗಳಿಂದ ಅಮೆರಿಕದ ಸಮಾಜಶಾಸ್ತ್ರಜ್ಞ ಮರ್ರೆ ಸ್ಟ್ರೌಸ್ (1926–2016) ಅವರ ಬರಹಗಳನ್ನು ಬರೆದ ಕ್ರಮದಲ್ಲೇ ಓದುತ್ತಿದ್ದೇನೆ. ಓದಿದಷ್ಟೂ ಅವರ ಮೇಲಿನ ಗೌರವ ಹೆಚ್ಚುತ್ತಿದೆ, ಜೊತೆಗೆ ನನ್ನ ಗೊಂದಲವೂ ಹೆಚ್ಚುತ್ತಿದೆ. ಈ ವಿಷಯ ಬಲ್ಲವರು ಇಲ್ಲಿ ಹಲವರಿರುವುದರಿಂದ ನನ್ನ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಸ್ಟ್ರೌಸ್ ಮೊದಲಿನಿಂದಲೂ ಹಿಂಸೆಯನ್ನು ಅಧ್ಯಯನ ಮಾಡಿದವರಲ್ಲ. 1968ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನಕ್ಕಾಗಿ ಅಮೆರಿಕದ ಮಿನಿಯಾಪೊಲಿಸ್, ಪೋರ್ಟೊ ರಿಕೊದ ಸ್ಯಾನ್ ವಾನ್ ಮತ್ತು ಬಾಂಬೆಯ ಕುಟುಂಬಗಳಿಗೆ ಒಂದು ಆಟ ಕೊಟ್ಟು, ಅದರ ನಿಯಮವನ್ನು ತಂದೆ, ತಾಯಿ, ಮಗು ಮೂವರೂ ಸೇರಿ ಹೇಗೆ ಕಂಡುಹಿಡಿಯುತ್ತಾರೆ ಎಂದು ಗಮನಿಸಲಾಗಿತ್ತು. ಮನೆಯವರು ಒಂದು ಸಮಸ್ಯೆಯನ್ನು ಹೇಗೆ ಬಿಡಿಸಿಕೊಳ್ಳುತ್ತಾರೆ ಎಂಬುದೇ ಆಗ ಅವರ ಕುತೂಹಲವಾಗಿತ್ತು. ಅದೇ ವರ್ಷ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯಕ್ಕೆ ಬಂದ ಅವರು ಬದುಕಿನ ಕೊನೆಯವರೆಗೂ ಅಲ್ಲೇ ಉಳಿದರು. ಮನೆಯವರು ಸಮಸ್ಯೆಯನ್ನು ಬಿಡಿಸಿಕೊಳ್ಳುವ ಒಂದು ದಾರಿ ಕೈ ಎತ್ತುವುದು ಎಂಬ ಕಡೆಗೆ ಅವರ ಗಮನ ಹರಿದದ್ದು ಅಲ್ಲಿ.

ಆ ಕಾಲದ ಸ್ಥಿತಿ ಈಗ ನಂಬಲು ಕಷ್ಟ. ಕುಟುಂಬದ ಅಧ್ಯಯನಕ್ಕೇ ಮೀಸಲಾಗಿದ್ದ 'ಜರ್ನಲ್ ಆಫ್ ಮ್ಯಾರೇಜ್ ಆ್ಯಂಡ್ ದ ಫ್ಯಾಮಿಲಿ' ಎಂಬ ಪತ್ರಿಕೆಯಲ್ಲಿ 1939ರಿಂದ 1969ರವರೆಗೆ, ಅಂದರೆ ಮೂವತ್ತು ವರ್ಷಗಳ ಕಾಲ, ಶೀರ್ಷಿಕೆಯಲ್ಲಿ 'ಹಿಂಸೆ' ಎಂಬ ಪದವಿದ್ದ ಲೇಖನ ಒಂದೂ ಬಂದಿರಲಿಲ್ಲ ಎಂದು ಜಾನ್ ಓಬ್ರಿಯನ್ 1971ರಲ್ಲಿ ತೋರಿಸಿದರು. ಹೊಡೆತ ಅಪರೂಪದ ಸಂಗತಿ, ಅದು ಮಾನಸಿಕ ಕಾಯಿಲೆ ಇರುವವರ ಮನೆಯಲ್ಲಿ ಮಾತ್ರ ನಡೆಯುತ್ತದೆ ಎಂಬ ತಿಳಿವಳಿಕೆ ವಿದ್ವಾಂಸರಲ್ಲೂ ಇತ್ತು. ರಿಚರ್ಡ್ ಗೆಲ್ಸ್ ಮತ್ತು ಸುಝಾನ್ ಸ್ಟೈನ್‌ಮೆಟ್ಜ್ ಅವರೊಂದಿಗೆ ಸ್ಟ್ರೌಸ್ 1975ರಲ್ಲಿ ಇಡೀ ಅಮೆರಿಕವನ್ನು ಪ್ರತಿನಿಧಿಸುವ 2,143 ಕುಟುಂಬಗಳನ್ನು ಸಂದರ್ಶಿಸಿದಾಗ, ಹಿಂದಿನ ಒಂದೇ ವರ್ಷದಲ್ಲಿ ಸುಮಾರು ಶೇ. 16ರಷ್ಟು ದಂಪತಿಗಳ ನಡುವೆ ದೈಹಿಕ ಹಲ್ಲೆ ನಡೆದಿತ್ತೆಂದು ಕಂಡುಬಂತು. ದಾಂಪತ್ಯದ ಇಡೀ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದು ಶೇ. 28. ಈ ಸಂಖ್ಯೆ ಬಂದ ಮೇಲೆ ಇದು ಯಾರದೋ ಮನೆಯ ವಿಷಯ ಎಂದು ತಳ್ಳಿಹಾಕುವುದು ಸಾಧ್ಯವಾಗಲಿಲ್ಲ.

ಆದರೆ ಅದೇ ಸಮೀಕ್ಷೆಯಲ್ಲಿ ಹೆಂಡತಿಯರು ಗಂಡಂದಿರಿಗೆ ಹೊಡೆದ ಪ್ರಮಾಣವೂ ಗಂಡಂದಿರು ಹೆಂಡತಿಯರಿಗೆ ಹೊಡೆದ ಪ್ರಮಾಣದಷ್ಟೇ ಹೆಚ್ಚುಕಡಿಮೆ ಬಂತು. ಸ್ಟ್ರೌಸ್ ಇದನ್ನು ಮುಚ್ಚಿಡಲಿಲ್ಲ, ಮುಂದಿನ ನಲವತ್ತು ವರ್ಷಗಳಲ್ಲಿ ಹಿಂತೆಗೆದುಕೊಳ್ಳಲೂ ಇಲ್ಲ. ನನ್ನ ಮಾರ್ಗದರ್ಶಕರು ಅವರ ಪ್ರಶ್ನಾವಳಿಯನ್ನೇ ಬಳಸಲು ಹೇಳುತ್ತಿದ್ದಾರೆ. ಹಿಂಸೆಗೊಳಗಾದವರ ನಡುವೆ ಕೆಲಸ ಮಾಡುವ ಸ್ನೇಹಿತರು ಅದನ್ನು ಮುಟ್ಟಲೇಬೇಡ ಎನ್ನುತ್ತಾರೆ. ಅನುಭವವುಳ್ಳವರು ದಾರಿ ತೋರಿಸಬೇಕಾಗಿ ವಿನಂತಿ.

ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ

ಮೇಡಂ, ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ಆ ಪ್ರಶ್ನಾವಳಿ ಕೆಲಸ ಮಾಡುವ ಬಗೆಯನ್ನು ಇಲ್ಲಿನ ಇತರ ಓದುಗರಿಗೂ ತಿಳಿಸುವುದು ಒಳ್ಳೆಯದು. ಅದರ ಒಳಗನ್ನು ನೋಡದೆಯೇ ಹೊಗಳುವವರೂ ತೆಗಳುವವರೂ ಬಹಳ ಇದ್ದಾರೆ.

1979ರಲ್ಲಿ ಪ್ರಕಟವಾದ ಅದರ ಹೆಸರು 'ಕಾನ್‌ಫ್ಲಿಕ್ಟ್ ಟ್ಯಾಕ್ಟಿಕ್ಸ್ ಸ್ಕೇಲ್ಸ್' (ಜಗಳವನ್ನು ನಿಭಾಯಿಸುವ ಬಗೆಗಳ ಮಾಪನ), ಚಿಕ್ಕದಾಗಿ ಸಿಟಿಎಸ್. ಎಷ್ಟೇ ಹೊಂದಿಕೊಂಡು ಬಾಳುವ ದಂಪತಿಗಳಲ್ಲೂ ಭಿನ್ನಾಭಿಪ್ರಾಯ ಬರುತ್ತದೆ, ಸಿಟ್ಟು ಬರುತ್ತದೆ ಎಂಬ ಪೀಠಿಕೆಯಿಂದ ಅದು ಆರಂಭವಾಗುತ್ತದೆ. ಆಮೇಲೆ ಶಾಂತವಾಗಿ ಮಾತನಾಡಿದ್ದು, ಬೈದದ್ದು, ಬಾಗಿಲು ಬಡಿದು ಹೊರಗೆ ಹೋದದ್ದು, ವಸ್ತು ಎಸೆದದ್ದು, ತಳ್ಳಿದ್ದು, ಕೆನ್ನೆಗೆ ಹೊಡೆದದ್ದು, ಒದ್ದದ್ದು, ಆಯುಧ ಬಳಸಿದ್ದು ಎಂದು ಸೌಮ್ಯದಿಂದ ಕ್ರೂರದವರೆಗೆ ಒಂದೊಂದೇ ಕೃತ್ಯವನ್ನು ಹೆಸರಿಸಿ, ಕಳೆದ ಒಂದು ವರ್ಷದಲ್ಲಿ ಅದು ಒಮ್ಮೆ ನಡೆಯಿತೇ, ಎರಡು ಸಲವೇ, ಮೂರರಿಂದ ಐದು ಸಲವೇ, ಇಪ್ಪತ್ತಕ್ಕಿಂತ ಹೆಚ್ಚೇ ಎಂದು ಕೇಳುತ್ತದೆ. ಪ್ರತಿಯೊಂದನ್ನೂ ಎರಡು ಬಾರಿ ಕೇಳಲಾಗುತ್ತದೆ: ನೀವು ಮಾಡಿದ್ದೆಷ್ಟು, ನಿಮ್ಮ ಸಂಗಾತಿ ಮಾಡಿದ್ದೆಷ್ಟು.

ಇದರ ಜಾಣ್ಮೆ ಎರಡು ಕಡೆ ಇದೆ. ಒಂದು, 'ಹಿಂಸೆ', 'ದೌರ್ಜನ್ಯ', 'ಅಪರಾಧ' ಎಂಬ ಪದಗಳು ಉತ್ತರಿಸುವವರ ಕಿವಿಗೆ ಬೀಳುವುದೇ ಇಲ್ಲ. ಎರಡು, ಸಣ್ಣದರಿಂದ ದೊಡ್ಡದಕ್ಕೆ ಹೋಗುವುದರಿಂದ, ಕಠಿಣ ಪ್ರಶ್ನೆ ಬರುವ ಹೊತ್ತಿಗೆ 'ಹೌದು' ಎನ್ನುವುದು ಅಷ್ಟು ಕಷ್ಟವಾಗುವುದಿಲ್ಲ. ಇದೇ ವಿಷಯವನ್ನು ಅಪರಾಧದ ಸಮೀಕ್ಷೆಯೊಳಗೆ ಕೇಳಿದಾಗ ಬಂದ ಪ್ರಮಾಣಗಳು ಹಲವು ಪಟ್ಟು ಕಡಿಮೆ ಇದ್ದವು. ಗಂಡ ಕೆನ್ನೆಗೆ ಹೊಡೆದದ್ದನ್ನು ಅಪರಾಧವೆಂದು ಹೆಚ್ಚಿನವರು ಎಣಿಸುವುದೇ ಇಲ್ಲ.

1985ರಲ್ಲಿ 6,002 ಜನರನ್ನು ದೂರವಾಣಿಯ ಮೂಲಕ ಮತ್ತೆ ಸಂದರ್ಶಿಸಿ, ಹೆಂಡತಿಯರ ಮೇಲಿನ ತೀವ್ರ ಹಲ್ಲೆ ಸಾವಿರಕ್ಕೆ 38ರಿಂದ 30ಕ್ಕೆ ಇಳಿದಿದೆ ಎಂದು ಸ್ಟ್ರೌಸ್ ಮತ್ತು ಗೆಲ್ಸ್ ವರದಿ ಮಾಡಿದರು. ಮೊದಲ ಸಲ ಮುಖಾಮುಖಿ, ಎರಡನೇ ಸಲ ದೂರವಾಣಿ. ಹೀಗಿರುವಾಗ ಇಳಿದದ್ದು ಹಿಂಸೆಯೋ ಅಥವಾ ಹೇಳಿಕೊಳ್ಳುವ ಧೈರ್ಯವೋ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಈ ಪ್ರಶ್ನೆಯನ್ನು ಅವರೇ ತಮ್ಮ ಲೇಖನದಲ್ಲಿ ಎತ್ತಿಕೊಂಡು ಚರ್ಚಿಸಿದ್ದಾರೆ ಎಂಬುದನ್ನು ಟೀಕಾಕಾರರು ನೆನಪಿಡಬೇಕು.

ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಅಳತೆಗೋಲು ಇಲ್ಲದ ಕಡೆ ಒಂದು ಅಳತೆಗೋಲು ಕೊಟ್ಟವರು ಅವರು. ಬಳಸಿ.

ಆಪ್ತಸಮಾಲೋಚಕಿ

ಸರ್, ನೀವು ಹೇಳಿದ ಮೊದಲ ಜಾಣ್ಮೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನನ್ನ ಬಳಿ ಬರುವ ಹೆಣ್ಣುಮಕ್ಕಳಿಗೆ 'ಮನೆಯಲ್ಲಿ ಹಿಂಸೆ ಇದೆಯೇ' ಎಂದು ಕೇಳಿದರೆ 'ಛೇ, ಹಾಗೇನೂ ಇಲ್ಲ' ಎನ್ನುತ್ತಾರೆ. 'ಯಾವತ್ತಾದರೂ ನಿಮ್ಮನ್ನು ತಳ್ಳಿದ್ದಾರೆಯೇ' ಎಂದು ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ತಲೆ ಆಡಿಸುತ್ತಾರೆ. ಕೃತ್ಯವನ್ನು ಹೆಸರಿಸಿ ಕೇಳಬೇಕೆಂದು ಕಲಿಸಿದ್ದಕ್ಕೆ ನಾವೆಲ್ಲರೂ ಸ್ಟ್ರೌಸ್ ಅವರಿಗೆ ಋಣಿಗಳು.

ಆದರೆ ಒಂದು ಘಟನೆ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ದಂಪತಿ ಇಬ್ಬರಿಗೂ ಬೇರೆ ಬೇರೆ ಕೋಣೆಯಲ್ಲಿ ಇಂಥದೇ ಪಟ್ಟಿ ಕೊಟ್ಟಿದ್ದೆ. ಇಬ್ಬರೂ 'ತಳ್ಳಿದ್ದೇನೆ', 'ನನ್ನನ್ನು ತಳ್ಳಿದ್ದಾರೆ' ಎಂಬ ಎರಡಕ್ಕೂ ಗುರುತು ಹಾಕಿದ್ದರು. ಕಾಗದದ ಮೇಲೆ ಎರಡೂ ಕಡೆ ಸಮ. ಆಮೇಲೆ ಆ ದಿನ ನಡೆದದ್ದನ್ನು ಒಂದೊಂದಾಗಿ ಹೇಳಿಸಿದೆ. ಆತ ಕೋಣೆಯ ಬಾಗಿಲಿಗೆ ಅಡ್ಡ ನಿಂತು, ಅವಳ ಫೋನನ್ನು ಹಿಂದೆ ಹಿಡಿದುಕೊಂಡು, ಹೊರಗೆ ಹೋಗಲು ಬಿಟ್ಟಿರಲಿಲ್ಲ. ಅವಳು ಆತನ ತೋಳನ್ನು ಎರಡೂ ಕೈಗಳಿಂದ ಒತ್ತಿ ಜಾಗ ಮಾಡಿಕೊಂಡು ಹೊರಬರಲು ನೋಡಿದಳು. ಅದು ಅವಳ 'ತಳ್ಳಿದ್ದು'. ಆತ ಅವಳನ್ನು ಒಳಕ್ಕೆ ನೂಕಿದಾಗ ಅವಳ ಬೆನ್ನು ಮಂಚದ ಅಂಚಿಗೆ ತಾಗಿತು. ಅದು ಆತನ 'ತಳ್ಳಿದ್ದು'. ಬಾಗಿಲಿಗೆ ಅಡ್ಡ ನಿಂತದ್ದಕ್ಕೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ, ಸರ್. ಫೋನು ಕಿತ್ತುಕೊಂಡದ್ದಕ್ಕೂ ಇರಲಿಲ್ಲ. ಮುಂದಿನ ಮೂರು ವಾರ ಅವಳು ಬಾಗಿಲು ಹಾಕಿದ ಕೋಣೆಯಲ್ಲಿ ನಿದ್ದೆ ಮಾಡಲಾಗದೆ ಒದ್ದಾಡಿದ್ದನ್ನು ಎಣಿಸುವ ಸಾಲಂತೂ ಇರಲೇ ಇಲ್ಲ.

ಟೀಕೆಯ ತಿರುಳು ಇದೇ. ರಸೆಲ್ ಡೊಬಾಶ್ ಮತ್ತು ರೆಬೆಕಾ ಎಮರ್ಸನ್ ಡೊಬಾಶ್ ದಂಪತಿ ಸ್ಕಾಟ್ಲೆಂಡಿನಲ್ಲಿ 109 ಮಹಿಳೆಯರೊಂದಿಗೆ ದೀರ್ಘವಾಗಿ ಮಾತನಾಡಿ 1979ರಲ್ಲಿ ಪುಸ್ತಕ ಬರೆದರು, ಅಂದರೆ ಸಿಟಿಎಸ್ ಪ್ರಕಟವಾದ ವರ್ಷವೇ. ಯಾರು ಶುರುಮಾಡಿದರು, ಏಕೆ, ಯಾರಿಗೆ ಪೆಟ್ಟಾಯಿತು, ಯಾರು ಯಾರಿಗೆ ಹೆದರಿ ಬದುಕುತ್ತಿದ್ದಾರೆ ಎಂಬುದನ್ನು ಬಿಟ್ಟು ಕೃತ್ಯವನ್ನು ಮಾತ್ರ ಎಣಿಸಿದರೆ, ಬರುವ ಸಂಖ್ಯೆ ನಿಖರವಾಗಿದ್ದರೂ ಚಿತ್ರ ತಪ್ಪಾಗಿರುತ್ತದೆ ಎಂದು ಅವರು 1992ರಲ್ಲಿ ಮಾರ್ಗೊ ವಿಲ್ಸನ್ ಮತ್ತು ಮಾರ್ಟಿನ್ ಡೇಲಿ ಅವರೊಂದಿಗೆ ಬರೆದ ಲೇಖನದಲ್ಲಿ ವಾದಿಸಿದರು. ನನ್ನ ಅನುಭವ ಅವರ ಪರವಾಗಿದೆ.

ಸಂಶೋಧನಾ ವಿದ್ಯಾರ್ಥಿನಿ

ಮೇಡಂ, ಬಾಗಿಲಿನ ಪ್ರಸಂಗ ಓದಿ ತುಂಬಾ ಹೊತ್ತು ಏನೂ ಬರೆಯಲಾಗಲಿಲ್ಲ. ಒಂದು ಅನುಮಾನ: 1996ರಲ್ಲಿ ಶೆರಿ ಹ್ಯಾಂಬಿ ಮೊದಲಾದವರೊಂದಿಗೆ ಸ್ಟ್ರೌಸ್ ಪರಿಷ್ಕರಿಸಿದ ಆವೃತ್ತಿಯಲ್ಲಿ ಗಾಯ ಮತ್ತು ಲೈಂಗಿಕ ಬಲವಂತದ ಬಗ್ಗೆ ಪ್ರತ್ಯೇಕ ಭಾಗಗಳನ್ನು ಸೇರಿಸಿದರಲ್ಲವೇ? ಅಂದರೆ ಅವರು ಟೀಕೆಯನ್ನು ಕೇಳಿಸಿಕೊಂಡಿದ್ದರು ಎಂದಾಯಿತು.

ಆಪ್ತಸಮಾಲೋಚಕಿ

ಹೌದು, ಸೇರಿಸಿದರು, ಅದು ದೊಡ್ಡ ಸುಧಾರಣೆಯೇ. ಆದರೆ ಕಾರಣ ಮತ್ತು ಸಂದರ್ಭವನ್ನು ಅಳೆಯುವುದು ತಮ್ಮ ಮಾಪನದ ಕೆಲಸವಲ್ಲ, ಅದಕ್ಕೆ ಬೇರೆ ಪ್ರಶ್ನೆಗಳನ್ನು ಜೊತೆಗೆ ಬಳಸಬೇಕು ಎಂಬ ನಿಲುವನ್ನು ಅವರು ಬಿಡಲಿಲ್ಲ. ಜ್ವರ ಅಳೆಯುವ ಉಪಕರಣಕ್ಕೆ ಜ್ವರದ ಕಾರಣ ಕೇಳಬಾರದು ಎಂಬ ಬಗೆಯ ವಾದವದು. ವಾದದಲ್ಲಿ ಸತ್ಯವಿದೆ. ಆದರೆ ಸಂಖ್ಯೆ ಹೊರಗೆ ಹೋದಾಗ ಅದರ ಜೊತೆಗಿರಬೇಕಾದ ಪ್ರಶ್ನೆಗಳು ಹೋಗುವುದಿಲ್ಲ, ಸಂಖ್ಯೆ ಮಾತ್ರ ಹೋಗುತ್ತದೆ.

ವಕೀಲೆ

ಕೊನೆಯ ಸಾಲಿಗೆ ನನ್ನದೊಂದು ಸೇರ್ಪಡೆ. 'ಇಬ್ಬರೂ ಸಮಾನವಾಗಿ ಹೊಡೆಯುತ್ತಾರೆ' ಎಂಬ ಒಂದು ವಾಕ್ಯವನ್ನು ಮಾತ್ರ ಕಿತ್ತುಕೊಂಡು, ಹೆಂಗಸರ ಆಶ್ರಯಧಾಮಗಳು ಬೇಕಿಲ್ಲ ಎಂಬ ವಾದಕ್ಕೆ ಬಳಸಿದವರು ಇದ್ದಾರೆ. ತಮ್ಮ ಸಂಶೋಧನೆಯನ್ನು ಹೀಗೆ ತಿರುಚುವುದರ ವಿರುದ್ಧ ಸ್ವತಃ ಗೆಲ್ಸ್ ಅವರೇ ಬರೆದಿದ್ದಾರೆ. ಗಾಯ, ಭಯ, ಸಾವಿನ ಅಪಾಯ ಹೆಂಗಸರಿಗೇ ಹೆಚ್ಚು ಎಂದು ಸ್ಟ್ರೌಸ್ ಕೂಡ ಮತ್ತೆ ಮತ್ತೆ ಹೇಳಿದ್ದಾರೆ. ಜಾನ್ ಆರ್ಚರ್ 2000ದಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕೃತ್ಯಗಳ ಎಣಿಕೆಯಲ್ಲಿ ಹೆಂಗಸರು ತುಸು ಮುಂದಿದ್ದರು, ಆದರೆ ಗಾಯಗೊಂಡವರಲ್ಲಿ ಶೇ. 62ರಷ್ಟು ಹೆಂಗಸರೇ ಇದ್ದರು. ಎರಡು ವಾಕ್ಯಗಳನ್ನೂ ಒಟ್ಟಿಗೆ ಹೇಳದವರು ಸ್ಟ್ರೌಸ್ ಅವರನ್ನು ಉದ್ಧರಿಸುತ್ತಿಲ್ಲ, ಕತ್ತರಿಸುತ್ತಿದ್ದಾರೆ.

ಹೊಡೆತ ತಿನ್ನುವ ಗಂಡಸರೂ ಇದ್ದಾರೆ, ಅವರಿಗೂ ನೆರವು ಬೇಕು ಎಂಬ ಸ್ಟ್ರೌಸ್ ಅವರ ಮಾತನ್ನು ಈ ಜಗಳದ ಗದ್ದಲದಲ್ಲಿ ಯಾರೂ ಸಮಾಧಾನದಿಂದ ಕೇಳಲಿಲ್ಲ ಎಂಬ ಬೇಸರವೂ ನನಗಿದೆ.

ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ

ಸಮಾಲೋಚಕಿ ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. 'ಬಳಸಿ' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದು ಅವಸರವಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಈ ಜಗಳಕ್ಕೆ ನನಗೆ ತೃಪ್ತಿ ಕೊಟ್ಟ ವಿವರಣೆ ಅಮೆರಿಕದ ಸಮಾಜಶಾಸ್ತ್ರಜ್ಞ ಮೈಕೆಲ್ ಜಾನ್ಸನ್ ಅವರದು. 1995ರ ಲೇಖನದಲ್ಲಿ ಅವರು, ಎರಡು ಪಾಳೆಯದವರೂ ನಿಜವನ್ನೇ ಹೇಳುತ್ತಿದ್ದಾರೆ, ಆದರೆ ಅವರು ನೋಡುತ್ತಿರುವುದು ಬೇರೆ ಬೇರೆ ಜನರನ್ನು ಎಂದರು. ಒಂದು ಬಗೆಯ ಹಿಂಸೆಯಲ್ಲಿ ಒಬ್ಬ ವ್ಯಕ್ತಿ ಇನ್ನೊಬ್ಬರ ಹಣ, ಓಡಾಟ, ಸ್ನೇಹ ಎಲ್ಲವನ್ನೂ ತನ್ನ ಮುಷ್ಟಿಯಲ್ಲಿಟ್ಟುಕೊಳ್ಳಲು ಹೊಡೆತವನ್ನು ಬಳಸುತ್ತಾನೆ. ಇನ್ನೊಂದರಲ್ಲಿ ಅಂಥ ಹಿಡಿತವಿಲ್ಲ; ಒಂದು ಜಗಳ ಕೈಮೀರಿ ಹೊಡೆದಾಟವಾಗುತ್ತದೆ. ಆಶ್ರಯಧಾಮಗಳಲ್ಲಿ ಸಿಗುವವರು ಬಹುತೇಕ ಮೊದಲನೆಯದಕ್ಕೆ ಗುರಿಯಾದವರು. ಮನೆಮನೆಯ ಸಮೀಕ್ಷೆಗೆ ಸಿಗುವುದು ಹೆಚ್ಚಾಗಿ ಎರಡನೆಯದು. ಮೊದಲ ಬಗೆಯ ಮನೆಯಲ್ಲಿ ಫೋನು ಎತ್ತಿಕೊಳ್ಳುವವನು ಉತ್ತರಿಸಲು ಒಪ್ಪುವುದಿಲ್ಲ, ಪಕ್ಕದಲ್ಲಿ ಅವನಿರುವಾಗ ಅವಳಿಗೆ ಉತ್ತರಿಸುವ ಧೈರ್ಯವಿರುವುದಿಲ್ಲ. ಮಾದರಿಯನ್ನು ಎಷ್ಟೇ ಶುದ್ಧವಾಗಿ ಆರಿಸಿದರೂ ಈ ಮನೆಗಳು ಜಾರಿಹೋಗುತ್ತವೆ. ನಲವತ್ತು ವರ್ಷ ಮಾದರಿ ಆಯ್ಕೆಯ ಪಾಠ ಹೇಳಿದ ನಾನು ಇದನ್ನು ಮೊದಲೇ ಬರೆಯಬೇಕಿತ್ತು.

ಪೀಠಿಕೆ ಬದಲಾದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆಯಿದೆ. 1995–96ರಲ್ಲಿ ಅಮೆರಿಕದಲ್ಲೇ 8,000 ಮಹಿಳೆಯರನ್ನೂ 8,000 ಪುರುಷರನ್ನೂ ಸಂದರ್ಶಿಸಿದ ಪೆಟ್ರೀಷಿಯಾ ಜಾಡೆನ್ ಮತ್ತು ನ್ಯಾನ್ಸಿ ಥೋನ್ಸ್, ಸಿಟಿಎಸ್ ಮಾದರಿಯ ಕೃತ್ಯಗಳ ಪಟ್ಟಿಯನ್ನೇ ಬಳಸಿದರೂ ಅದನ್ನು ದಂಪತಿಗಳ ಭಿನ್ನಾಭಿಪ್ರಾಯದ ಪೀಠಿಕೆಯಿಂದ ಹೊರತಂದು, ತಮ್ಮ ಮೇಲೆ ನಡೆದದ್ದನ್ನಷ್ಟೇ ಕೇಳಿದರು. ಜೀವಮಾನದಲ್ಲಿ ಸಂಗಾತಿಯಿಂದ ದೈಹಿಕ ಹಲ್ಲೆಗೆ ಒಳಗಾದವರು ಮಹಿಳೆಯರಲ್ಲಿ ಶೇ. 22.1, ಪುರುಷರಲ್ಲಿ ಶೇ. 7.4 ಎಂದು ಬಂತು. ಪಟ್ಟಿ ಹೆಚ್ಚುಕಡಿಮೆ ಅದೇ ಆಗಿದ್ದರೂ ಸಮಾನತೆ ಮಾಯವಾಯಿತು.

ಆಸ್ಪತ್ರೆಯಲ್ಲಿ ಶುಶ್ರೂಷಕಿ

ನಮ್ಮ ವೃತ್ತಿಯವರೇ ಆದ ಜಾಕ್ವೆಲಿನ್ ಕ್ಯಾಂಬೆಲ್ ಅವರ ಹೆಸರು ಇನ್ನೂ ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯಾದ ಅವರ ಪ್ರಶ್ನೆ ಸ್ಟ್ರೌಸ್ ಅವರದಕ್ಕಿಂತ ಬೇರೆ: ಹೊಡೆತ ತಿನ್ನುತ್ತಿರುವ ಈ ಹೆಂಗಸು ಕೊಲೆಯಾಗುವ ಅಪಾಯ ಎಷ್ಟಿದೆ? 1980ರ ದಶಕದಲ್ಲಿ ಅವರು ರೂಪಿಸಿದ 'ಡೇಂಜರ್ ಅಸೆಸ್‌ಮೆಂಟ್' ಎಂಬ ಅಪಾಯ ಅಳೆಯುವ ಪ್ರಶ್ನಾವಳಿ ಒಂದು ಕ್ಯಾಲೆಂಡರಿನಿಂದ ಆರಂಭವಾಗುತ್ತದೆ. ಕಳೆದ ವರ್ಷದಲ್ಲಿ ಹಲ್ಲೆ ನಡೆದ ದಿನಗಳನ್ನು ಆ ಹೆಂಗಸೇ ಗುರುತಿಸಿ, ಪಕ್ಕದಲ್ಲಿ ತೀವ್ರತೆಯನ್ನು ಒಂದರಿಂದ ಐದರವರೆಗಿನ ಅಂಕಿಯಲ್ಲಿ ಬರೆಯಬೇಕು. ಆಮೇಲೆ ಮನೆಯಲ್ಲಿ ಬಂದೂಕು ಇದೆಯೇ, ಕತ್ತು ಹಿಸುಕಿದ್ದಾನೆಯೇ, ನೀವು ಅವನನ್ನು ಬಿಟ್ಟು ಬಂದಿದ್ದೀರಾ, ಕೊಲ್ಲುವುದಾಗಿ ಬೆದರಿಸಿದ್ದಾನೆಯೇ ಎಂಬ ಪ್ರಶ್ನೆಗಳು.

ಈ ಕ್ಯಾಲೆಂಡರ್ ತುಂಬಿಸುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಶುರುವಿನಲ್ಲಿ ಒಬ್ಬರು 'ಈಚೆಗೆ ಅಂಥ ಹೆಚ್ಚೇನೂ ಆಗಿಲ್ಲ' ಎಂದಿದ್ದರು. ಮೊದಲ ಆರು ತಿಂಗಳಲ್ಲಿ ಎರಡು ಗುರುತು. ಮುಂದಿನ ತಿಂಗಳುಗಳಿಗೆ ಬಂದಂತೆ ಗುರುತುಗಳು ಹತ್ತಿರವಾದವು, ಅಂಕಿಗಳು ದೊಡ್ಡವಾದವು. ಕೊನೆಯ ತಿಂಗಳ ಪುಟದಲ್ಲಿ ಪೆನ್ನು ನಿಲ್ಲಿಸಿ, ತಮ್ಮ ಕೈಬರಹವನ್ನೇ ಬೇರೆಯವರದೆಂಬಂತೆ ನೋಡುತ್ತಾ ಕೂತರು. ಸಂಖ್ಯೆ ಸಂಶೋಧಕರಿಗೆ ಮಾತ್ರ ಉಪಯೋಗ ಎಂದು ನಾನು ಆ ದಿನದಿಂದ ತಿಳಿದಿಲ್ಲ.

ಕ್ಯಾಂಬೆಲ್ ತಂಡ 11 ನಗರಗಳಲ್ಲಿ ಮಾಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಹಿಂಸೆ ಮಾಡುವವನ ಕೈಗೆ ಬಂದೂಕು ಸಿಗುವಂತಿದ್ದರೆ ಕೊಲೆಯ ಅಪಾಯ ಐದು ಪಟ್ಟಿಗೂ ಮಿಗಿಲಾಗುತ್ತದೆ ಎಂದು ಅದು ತೋರಿಸಿತು. ಹಿಂದೊಮ್ಮೆ ಕತ್ತು ಹಿಸುಕಿದ್ದರೆ ಮುಂದೆ ಕೊಲೆಯಾಗುವ ಸಾಧ್ಯತೆ ಏಳು ಪಟ್ಟಿಗಿಂತ ಹೆಚ್ಚು ಎಂದು 2008ರಲ್ಲಿ ನ್ಯಾನ್ಸಿ ಗ್ಲಾಸ್ ಮತ್ತು ಸಂಗಡಿಗರು ತೋರಿಸಿದರು. ಕತ್ತು ಹಿಸುಕಿದಾಗ ಹೊರಗೆ ಗುರುತೇ ಕಾಣದಿರಬಹುದು. ಹಾಗಾಗಿ ಕೇಳದಿದ್ದರೆ ತಿಳಿಯುವುದಿಲ್ಲ. ವಿದ್ಯಾರ್ಥಿನಿ ಮೇಡಂ, ನಿಮ್ಮ ಪ್ರಶ್ನಾವಳಿಯಲ್ಲಿ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಪ್ರಾಥಮಿಕ ಶಾಲಾ ಶಿಕ್ಷಕ

ಎಲ್ಲರೂ ಗಂಡಹೆಂಡಿರ ವಿಷಯಕ್ಕೆ ನಿಂತಿದ್ದೀರಿ. ಸ್ಟ್ರೌಸ್ ಅವರ ಬದುಕಿನ ಉತ್ತರಾರ್ಧ ಮಕ್ಕಳಿಗೆ ಹೊಡೆಯುವುದರ ವಿರುದ್ಧವೇ ಕಳೆಯಿತು. ದೊಡ್ಡವರ ನಡುವಿನ ಹಿಂಸೆಯ ಬೇರನ್ನು ಅವರು ಅಲ್ಲಿ ಕಂಡರು: ಪ್ರೀತಿಸುವವರೇ ಹೊಡೆಯುತ್ತಾರೆ, ಹೊಡೆದು ಸರಿದಾರಿಗೆ ತರಬಹುದು ಎಂಬ ಪಾಠ ಮಗುವಿಗೆ ಮೊದಲು ಸಿಗುವುದು ತಂದೆತಾಯಿಯ ಕೈಯಿಂದ. ತುಂಟ ಮಗುವಾದ್ದರಿಂದ ಹೊಡೆಯುತ್ತಾರೆಯೇ ಹೊರತು ಹೊಡೆದದ್ದರಿಂದ ತುಂಟನಾಗುವುದಿಲ್ಲ ಎಂಬ ಆಕ್ಷೇಪಕ್ಕೆ ಅವರು 1997ರಲ್ಲಿ ಉತ್ತರ ಕೊಟ್ಟರು. ಆರರಿಂದ ಒಂಬತ್ತು ವರ್ಷದ ಮಕ್ಕಳಿದ್ದ 807 ತಾಯಂದಿರ ಮಾಹಿತಿಯಲ್ಲಿ, ಆರಂಭದಲ್ಲಿ ಮಗು ಎಷ್ಟು ತುಂಟನಾಗಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಹೆಚ್ಚು ಹೊಡೆತ ತಿಂದ ಮಕ್ಕಳ ನಡವಳಿಕೆ ಎರಡು ವರ್ಷಗಳ ನಂತರ ಇನ್ನಷ್ಟು ಕೆಟ್ಟಿತ್ತು. ತರಗತಿಯಲ್ಲಿ ನಾನು ಕಂಡದ್ದೂ ಇದೇ. ಕೈ ಮೇಲೆತ್ತಿ ಕಪ್ಪುಹಲಗೆ ಒರೆಸಲು ಹೋದರೆ ತಲೆ ತಗ್ಗಿಸಿಕೊಳ್ಳುವ ಮಗುವೇ ಆಟದ ಬಯಲಿನಲ್ಲಿ ಮೊದಲು ಕೈ ಎತ್ತುತ್ತದೆ.

ಸಂಶೋಧನಾ ವಿದ್ಯಾರ್ಥಿನಿ

ಎಲ್ಲರಿಗೂ ಮನಸಾರೆ ಕೃತಜ್ಞತೆ. ಈ ಎರಡು ದಿನ ನಿಮ್ಮ ಪ್ರತಿಕ್ರಿಯೆಗಳನ್ನು ಪಕ್ಕದಲ್ಲಿಟ್ಟುಕೊಂಡು, 2005ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಬಹುರಾಷ್ಟ್ರ ಅಧ್ಯಯನದ ವಿಧಾನವನ್ನು ಮತ್ತೆ ಓದಿದೆ. ಹತ್ತು ದೇಶಗಳ 15 ಸ್ಥಳಗಳಲ್ಲಿ 24,000ಕ್ಕೂ ಹೆಚ್ಚು ಮಹಿಳೆಯರೊಂದಿಗೆ ಮಾತನಾಡಿದ ಅಧ್ಯಯನವದು. ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದವರ ಪ್ರಮಾಣ ಸ್ಥಳದಿಂದ ಸ್ಥಳಕ್ಕೆ ಶೇ. 15ರಿಂದ ಶೇ. 71ರವರೆಗೆ ಇತ್ತು. ತಳ್ಳಿದ್ದು, ಹೊಡೆದದ್ದು, ಒದ್ದದ್ದು ಎಂದು ಕೃತ್ಯಗಳನ್ನು ಹೆಸರಿಸಿ ಕೇಳುವ ಸ್ಟ್ರೌಸ್ ಅವರ ದಾರಿ ಅಲ್ಲಿ ಹಾಗೆಯೇ ಉಳಿದಿದೆ. ಅದರ ಸುತ್ತ ಹಿಡಿತ, ಗಾಯ ಮತ್ತು ಆರೋಗ್ಯದ ಪ್ರಶ್ನೆಗಳು ಬಂದಿವೆ. ಒಂದು ಮನೆಯಲ್ಲಿ ಒಬ್ಬ ಮಹಿಳೆಯನ್ನು ಮಾತ್ರ, ಅದೂ ಒಂಟಿಯಾಗಿ ಸಂದರ್ಶಿಸಬೇಕು, ಯಾರಾದರೂ ಒಳಗೆ ಬಂದರೆ ತಕ್ಷಣ ಬೇರೆ ವಿಷಯದ ಪ್ರಶ್ನೆಗಳಿಗೆ ಹೊರಳಬೇಕು ಎಂಬ ನಿಯಮಗಳೂ ಇವೆ. ಅಧ್ಯಾಪಕ ಸರ್ ಹೇಳಿದ 'ಜಾರಿಹೋಗುವ ಮನೆ'ಗಳ ಬಾಗಿಲನ್ನು ತುಸುವಾದರೂ ತೆರೆಯುವ ಪ್ರಯತ್ನವದು ಎಂದು ಈಗ ಅರ್ಥವಾಗುತ್ತಿದೆ.

ನಿನ್ನೆ ರಾತ್ರಿ ನನ್ನ ಪ್ರಶ್ನಾವಳಿಯನ್ನು ತಿದ್ದಿದೆ. ಕೃತ್ಯಗಳ ಪಟ್ಟಿಯನ್ನು ಸ್ಟ್ರೌಸ್ ಕ್ರಮದಲ್ಲೇ ಇಟ್ಟಿದ್ದೇನೆ, ಪೀಠಿಕೆಯನ್ನು ಕೈಬಿಟ್ಟಿದ್ದೇನೆ. ಕತ್ತು ಹಿಸುಕಿದ್ದಕ್ಕೆ ಪ್ರತ್ಯೇಕ ಪ್ರಶ್ನೆಯಿದೆ. ಪ್ರತಿ 'ಹೌದು'ಗೂ ಕೆಳಗೆ 'ಆ ಹೊತ್ತಿನಲ್ಲಿ ನಿಮಗೆ ಆ ಜಾಗ ಬಿಟ್ಟು ಹೋಗಲು ಸಾಧ್ಯವಿತ್ತೇ' ಮತ್ತು 'ಆಮೇಲೆ ಹೆದರಿಕೆ ಎಷ್ಟು ದಿನ ಇತ್ತು' ಎಂಬ ಎರಡು ಸಾಲು ಸೇರಿಸಿದ್ದೇನೆ. ಸಮಾಲೋಚಕಿ ಮೇಡಂ, ಮೊದಲನೆಯ ಸಾಲಿನ ಮಾತು ಸರಿಯಾಗಿದೆಯೇ, ಅಥವಾ 'ಬಾಗಿಲು' ಎಂದೇ ನೇರವಾಗಿ ಕೇಳಲೇ?

ಆಪ್ತಸಮಾಲೋಚಕಿ

ನೇರವಾಗಿ ಕೇಳಿ. 'ಬಾಗಿಲಿಗೆ ಅಡ್ಡ ನಿಂತು ತಡೆದಿದ್ದಾರೆಯೇ' ಎಂದು ಅದನ್ನೂ ಒಂದು ಕೃತ್ಯವಾಗಿ, 'ತಳ್ಳಿದ್ದು' ಎಂಬುದಕ್ಕಿಂತ ಒಂದು ಸಾಲು ಮೇಲೆ ಇಡಿ.